ಲೋಕದ ಚಾವಡಿಯಲ್ಲಿ ಮೈಸೂರಿನ ಕೊನೆಯ ದಿವಾನರು

ಹಿಂದಿನ ಕಾಲದಲ್ಲಿ ಮಲೆನಾಡಿನ ನಗರ ಸೀಮೆಯ ಅಡಕೆಯ ಹೇರುಗಳು ಬಯಲಿಗೆ ಇಳಿದು ಬಂದು ಗುಬ್ಬಿಯ ಪೇಟೆಯಲ್ಲಿ ತಂಗುತ್ತಿದ್ದವು. ಅಲ್ಲಿ ಕೈ ಬದಲಾಯಿಸಿದ ಅಡಕೆ ಮತ್ತೆ ಮೂಡಣ ದಿಕ್ಕಿಗೆ ಪಯಣ ಬೆಳೆಸಿ ಆರ್ಕಾಟು ಸೀಮೆಯ ವಾಲಾಜಾಪೇಟೆಯನ್ನು ಸೇರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಹೊಸ್ತಿಲಲ್ಲಿ ಮೈಸೂರು ಸೀಮೆಯನ್ನು ಸುತ್ತಿ ಕಂಡ ಫ್ರಾನ್ಸಿಸ್ ಬುಕಾನನ್ ಗುಬ್ಬಿಯನ್ನು ವ್ಯಾಪಾರದ ದೊಡ್ಡ ನೆಲೆಯೆಂದೇ ಗುರುತಿಸಿದ್ದಾನೆ. ಕಂಬಳಿ, ಹತ್ತಿಯ ಬಟ್ಟೆ, ತೆಂಗು, ಬೆಲ್ಲ, ಹುಣಿಸೆಗಳು ರಾಶಿ ಬೀಳುತ್ತಿದ್ದ ಆ ಸಂತೆಗೆ ಒಂದು ಕಟ್ಟಳೆ ಇದ್ದಿರಲೇಬೇಕು. ತೂಕದ ಕಲ್ಲು ಯಾರದು, ಸುಂಕವೆಷ್ಟು, ವ್ಯಾಜ್ಯ ಹುಟ್ಟಿದರೆ ತೀರ್ಪು ಹೇಳುವವರು ಯಾರು? ಈ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಕಡೆ ಸಂತೆ ನಡೆದರೂ ಅದು ಬಲ್ಲಿದನ ಸಂತೆ. ಬಡವನಿಗೆ ಅಲ್ಲಿ ಹೊತ್ತ ಹೊರೆಯನ್ನು ಇಳಿಸಿ ಬರುವುದಷ್ಟೇ ಪಾಲು.

ಊರ ಸಂತೆಗೆ ಬೇಕಾದ ಕಟ್ಟಳೆ ಲೋಕದ ಸಂತೆಗೂ ಬೇಕು. ನಮ್ಮ ನಾಡಿಗೆ ಈ ಮಾತು ಹೊಸದಲ್ಲ. ಅಯ್ಯಾವೊಳೆಯ ಐನೂರ್ವರ ಸಂಘವು ರಾಜ್ಯರಾಜ್ಯಗಳ ಗಡಿಗಳನ್ನು ದಾಟಿ, ಕಡಲಾಚೆಗೂ ಕೈಚಾಚಿ, ತನ್ನದೇ ಧರ್ಮಕಟ್ಟಳೆಯಿಂದ ವ್ಯಾಪಾರವನ್ನು ನಡೆಸಿದ ಕಥೆಯನ್ನು ಶಾಸನಗಳು ಹೇಳುತ್ತವೆ. ಇಪ್ಪತ್ತನೆಯ ಶತಮಾನದಲ್ಲಿ, ಎರಡನೆಯ ಮಹಾಯುದ್ಧದ ಬೂದಿ ಇನ್ನೂ ಆರದಿರುವಾಗ, ಜಗತ್ತಿನ ರಾಷ್ಟ್ರಗಳು ಒಟ್ಟುಗೂಡಿ ಲೋಕವಾಣಿಜ್ಯಕ್ಕೆ ಒಂದು ಸಂಸ್ಥೆಯನ್ನು ಕಟ್ಟಲು ಮೊದಲಿಟ್ಟವು. ಆ ಮೊದಲ ನಿರ್ಣಯವಾದ ಸಭೆಯ ಅಧ್ಯಕ್ಷಪೀಠದಲ್ಲಿ ಅಂದು ಕುಳಿತಿದ್ದವರು ಕೆಲವೇ ತಿಂಗಳಲ್ಲಿ ಮೈಸೂರಿನ ದಿವಾನಗಿರಿಯನ್ನು ವಹಿಸಿಕೊಂಡರು. ತುಮಕೂರು, ಗುಬ್ಬಿ, ಕುಣಿಗಲುಗಳ ಜನ ಅವರ ಆಡಳಿತದ ಪ್ರಜೆಗಳಾದರು. ಅವರೇ ಸರ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಮೈಸೂರಿನ ಚರಿತ್ರೆಯಲ್ಲಿ ಅವರ ಹೆಸರು ಉಳಿದಿರುವುದು ಒಂದು ಕಹಿ ನೆನಪಾಗಿ. ಜಗತ್ತಿನ ಚರಿತ್ರೆಯಲ್ಲಿ ಉಳಿದಿರುವುದು ಗೌರವದ ಅಡಿಟಿಪ್ಪಣಿಯಾಗಿ. ಎರಡನ್ನೂ ಒಟ್ಟಿಗಿಟ್ಟು ನೋಡಿದಾಗಲಲ್ಲದೆ ಆ ಬಾಳಿನ ಅರ್ಥ ತಿಳಿಯದು.

ರಾಮಸ್ವಾಮಿ ಮೊದಲಿಯಾರರು ಜನಿಸಿದ್ದು 1887ರ ಅಕ್ಟೋಬರ್ 14ರಂದು, ಕರ್ನೂಲಿನಲ್ಲಿ. ಅದೇ ದಿನ ಅದೇ ಮಡಿಲಲ್ಲಿ ಹುಟ್ಟಿದ ಅವಳಿ ಸೋದರರು ಲಕ್ಷ್ಮಣಸ್ವಾಮಿ ಮೊದಲಿಯಾರರು. ರಾಮ ಲಕ್ಷ್ಮಣರೆಂಬ ಹೆಸರಿಗೆ ತಕ್ಕಂತೆ ಇಬ್ಬರೂ ಒಟ್ಟಿಗೆ ಓದಿ ಬೆಳೆದರು. ಮುಂದೆ ದಾರಿಗಳು ಬೇರೆಯಾದವು. ಲಕ್ಷ್ಮಣಸ್ವಾಮಿಗಳು ಹೆಸರಾಂತ ವೈದ್ಯರಾಗಿ, ದೀರ್ಘಕಾಲ ಮದರಾಸು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಬಾಳಿದರು. ಶಿಕ್ಷಣಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಬಾಯಿಪಾಠ ಮಾಡುವ 1952ರ ಮಾಧ್ಯಮಿಕ ಶಿಕ್ಷಣದ ಮೊದಲಿಯಾರ್ ಆಯೋಗ ಈ ಲಕ್ಷ್ಮಣಸ್ವಾಮಿಗಳದು. ಹೆಸರಿನ ಸಾಮ್ಯದಿಂದ ಅಣ್ಣನ ಕೆಲಸ ತಮ್ಮನಿಗೂ ತಮ್ಮನ ಕೆಲಸ ಅಣ್ಣನಿಗೂ ಸಲ್ಲುವ ತಪ್ಪು ಪಾಠ ಹೇಳುವವರಿಂದಲೂ ಆಗುವುದುಂಟಾದ್ದರಿಂದ ಇದನ್ನು ಮೊದಲೇ ಹೇಳುವುದು ಒಳ್ಳೆಯದು. ರಾಮಸ್ವಾಮಿಗಳು ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿ, ನ್ಯಾಯಶಾಸ್ತ್ರದ ಪದವಿ ಪಡೆದು ವಕೀಲರಾದರು. ಮಾತು ಅವರಿಗೆ ಒಲಿದಿತ್ತು. ವಕೀಲಿಯಿಂದ ರಾಜಕೀಯಕ್ಕೆ ಅಂದಿನ ದಿನಗಳಲ್ಲಿ ದಾರಿ ದೂರವಿರಲಿಲ್ಲ.

ಅವರು ಹಿಡಿದ ರಾಜಕೀಯದ ದಾರಿ ಜಸ್ಟಿಸ್ ಪಕ್ಷದ್ದು. ಸರ್ಕಾರದ ಹುದ್ದೆಗಳಲ್ಲೂ ಶಾಸನಸಭೆಗಳಲ್ಲೂ ಬ್ರಾಹ್ಮಣೇತರ ಸಮುದಾಯಗಳಿಗೆ ತಕ್ಕ ಸ್ಥಾನವಿಲ್ಲವೆಂಬ ಅಳಲಿನಿಂದ ಹುಟ್ಟಿದ ಪಕ್ಷ ಅದು. ಅದೇ ಅಳಲು ಮೈಸೂರು ಸಂಸ್ಥಾನದಲ್ಲೂ ಇದ್ದು, 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಗೆ ಕಾರಣವಾದುದನ್ನು ನಮ್ಮ ಓದುಗರು ಬಲ್ಲರು. ಟಿ. ಎಂ. ನಾಯರರೊಡನೆ ಇಂಗ್ಲೆಂಡಿಗೆ ಹೋದ ಪಕ್ಷದ ನಿಯೋಗದಲ್ಲಿ ತರುಣ ರಾಮಸ್ವಾಮಿಗಳೂ ಇದ್ದರು. ಹೊಸ ಸುಧಾರಣೆಗಳಲ್ಲಿ ತಮ್ಮ ಜನಕ್ಕೆ ಪ್ರತ್ಯೇಕವಾದ ಪ್ರಾತಿನಿಧ್ಯ ಬೇಕೆಂದು ಕೇಳುವುದೇ ಆ ನಿಯೋಗದ ಉದ್ದೇಶವಾಗಿತ್ತು. 1920ರಿಂದ 1926ರ ವರೆಗೆ ಮದರಾಸಿನ ಶಾಸನಸಭೆಯಲ್ಲಿ ಸದಸ್ಯರಾಗಿದ್ದು, 1927ರಲ್ಲಿ ಪಕ್ಷದ ಪತ್ರಿಕೆಯ ಸಂಪಾದಕತ್ವ ವಹಿಸಿ, 1928ರಲ್ಲಿ ಮದರಾಸು ನಗರಸಭೆಯ ಅಧ್ಯಕ್ಷರಾದರು. ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲೂ ಅವರಿಗೆ ಆಸನ ದೊರೆಯಿತು. ಮೇಜಿನ ಸುತ್ತ ಕುಳಿತವರಲ್ಲಿ ನಮ್ಮವರು ಯಾರು ಎಂಬ ಪ್ರಶ್ನೆ ಅವರ ಸಾರ್ವಜನಿಕ ಜೀವನದ ಮೊದಲ ಪ್ರಶ್ನೆ. ಅದೇ ಪ್ರಶ್ನೆ ಕೊನೆಯ ವರೆಗೂ ಅವರ ಬೆನ್ನು ಬಿಡಲಿಲ್ಲ. ಒಮ್ಮೆ ಅವರ ಕೈಯ ಆಯುಧವಾಗಿ, ಮತ್ತೊಮ್ಮೆ ಅವರ ಎದೆಗೇ ಗುರಿಯಿಟ್ಟ ಬಾಣವಾಗಿ.

1934ರ ಕೇಂದ್ರ ಶಾಸನಸಭೆಯ ಚುನಾವಣೆಯಲ್ಲಿ ಅವರು ಮದರಾಸು ನಗರದಿಂದ ನಿಂತು, ಕಾಂಗ್ರೆಸ್ಸಿನ ಸತ್ಯಮೂರ್ತಿಗಳ ಎದುರು ಸೋತರು. ಜನ ಕಾಂಗ್ರೆಸ್ಸಿನ ಕಡೆಗೆ ತಿರುಗಿದ್ದ ಕಾಲ. ಅಲ್ಲಿಂದ ಮುಂದೆ ಭಾರತದೊಳಗೆ ಅವರು ಏರಿದ ಮೆಟ್ಟಿಲುಗಳೆಲ್ಲ ಮತದಿಂದ ಬಂದುವಲ್ಲ, ನೇಮಕದಿಂದ ಬಂದುವು. ಲಂಡನ್ನಿನಲ್ಲಿ ಭಾರತ ಮಂತ್ರಿಗಳ ಸಲಹೆಗಾರರಾಗಿದ್ದು, 1937ರಲ್ಲಿ ಸರ್ ಪದವಿ ಪಡೆದು, 1939ರಲ್ಲಿ ವೈಸರಾಯರ ಕಾರ್ಯಕಾರಿ ಮಂಡಲಿಯಲ್ಲಿ ವಾಣಿಜ್ಯ ಶಾಖೆಯ ಸದಸ್ಯರಾಗಿ ದೆಹಲಿಗೆ ಬಂದರು. ವಿಜ್ಞಾನಿ ಶಾಂತಿಸ್ವರೂಪ ಭಟ್ನಾಗರರನ್ನು ಜೊತೆಗೂಡಿಸಿಕೊಂಡು 1940ರಲ್ಲಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಮಂಡಲಿ ಮೊದಲಾಗಲು ಕಾರಣರಾದವರಲ್ಲಿ ಅವರು ಮುಖ್ಯರು. 1942ರಲ್ಲಿ ಅದು ಪೂರ್ಣ ಪರಿಷತ್ತಾಗಿ ಬೆಳೆಯಿತು.

ವಾಣಿಜ್ಯ ಶಾಖೆಯ ಆ ಕುರ್ಚಿಗೂ ನಮ್ಮ ಕುಣಿಗಲ್ ಸೀಮೆಯ ರೇಷ್ಮೆಗೂ ಇದ್ದ ನಂಟನ್ನು ಇಲ್ಲಿ ನೆನೆಯಬೇಕು. ಹಿಪ್ಪುನೇರಳೆ ಬೆಳೆದು ಹುಳು ಸಾಕಿ ನೂಲು ತೆಗೆಯುತ್ತಿದ್ದ ಮನೆಗಳು ಹಳೆಯ ಮೈಸೂರಿನಲ್ಲಿ ಸಾವಿರಾರು. ಸಾವಿರದ ಒಂಬೈನೂರ ಮೂವತ್ತರ ಆಸುಪಾಸಿನಲ್ಲಿ ಜಪಾನು ಚೀಣಗಳ ಅಗ್ಗದ ರೇಷ್ಮೆ ಹಡಗುಗಳಲ್ಲಿ ಬಂದು ಬಿದ್ದಾಗ ಆ ಮನೆಗಳ ಒಲೆ ತಣ್ಣಗಾಯಿತು. ತೋಟಗಳನ್ನು ಕಿತ್ತು ರಾಗಿ ಬಿತ್ತಿದವರುಂಟು. ಆದರೆ ಮೈಸೂರು ಸಂಸ್ಥಾನಕ್ಕೆ ಕಡಲಿರಲಿಲ್ಲ, ಬಂದರಿರಲಿಲ್ಲ. ಮದರಾಸಿನಲ್ಲೋ ಮುಂಬಯಿಯಲ್ಲೋ ಇಳಿಯುವ ಸರಕಿಗೆ ಎಷ್ಟು ಸುಂಕ ಹಾಕಬೇಕೆಂದು ನಿರ್ಣಯಿಸುತ್ತಿದ್ದುದು ದೆಹಲಿ. ಆ ನಿರ್ಣಯದಲ್ಲಿ ಮೈಸೂರಿಗೆ ಮತವಿಲ್ಲ, ಸುಂಕದ ಹಣದಲ್ಲಿ ಪಾಲಿಲ್ಲ. ಮೊರೆಯಿಡುವುದೊಂದೇ ಉಳಿದ ದಾರಿ. 1933ರಲ್ಲಿ ಸುಂಕ ಮಂಡಲಿ ರೇಷ್ಮೆಯ ಕಷ್ಟವನ್ನು ವಿಚಾರಿಸಿ, 1934ರಲ್ಲಿ ರಕ್ಷಣಾ ಸುಂಕ ಬಂದಾಗ ಎಷ್ಟೋ ಮನೆಗಳು ಆ ಕಸುಬನ್ನೇ ಬಿಟ್ಟಿದ್ದವು. ಯುದ್ಧ ಬಂದು ಜಪಾನಿನ ರೇಷ್ಮೆ ನಿಂತು, ಪ್ಯಾರಾಚೂಟುಗಳಿಗಾಗಿ ಮೈಸೂರು ರೇಷ್ಮೆಯನ್ನು ಹುಡುಕಿಕೊಂಡು ಬರುವಂತಾದದ್ದು ವಿಧಿಯ ವಿನೋದ. ದೂರದ ಚಾವಡಿಯೊಂದರಲ್ಲಿ ಆಗುವ ಸುಂಕದ ತೀರ್ಮಾನ ಕುಣಿಗಲಿನ ನೂಲುಗಾರನ ಅನ್ನವನ್ನು ತೂಗುತ್ತದೆ. ಆ ಚಾವಡಿಯಲ್ಲಿ ಅವನ ಪರವಾಗಿ ಮಾತನಾಡುವವರು ಇದ್ದಾರೆಯೇ ಇಲ್ಲವೇ ಎಂಬುದು ಅವನ ಪಾಲಿಗೆ ಬದುಕಿನ ಪ್ರಶ್ನೆ.

1942ರಲ್ಲಿ ಚರ್ಚಿಲ್ಲರ ಯುದ್ಧಮಂತ್ರಿಮಂಡಲದಲ್ಲಿ ಭಾರತದ ಪ್ರತಿನಿಧಿಯಾಗಿ ಕುಳಿತ ಮೊದಲಿಯಾರರು 1945ರ ಬೇಸಗೆಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಸಮ್ಮೇಳನಕ್ಕೆ ಭಾರತ ನಿಯೋಗದ ನಾಯಕರಾಗಿ ಹೋದರು. ವಿಶ್ವಸಂಸ್ಥೆಯ ಸನ್ನದು ಸಿದ್ಧವಾದುದು ಅಲ್ಲಿಯೇ. ಯುದ್ಧವನ್ನು ತಡೆಯುವ ಭದ್ರತಾ ಮಂಡಲಿಯ ಕಡೆಗೆ ಎಲ್ಲರ ಕಣ್ಣೂ ನೆಟ್ಟಿದ್ದಾಗ, ಆರ್ಥಿಕ ಮತ್ತು ಸಾಮಾಜಿಕ ಸಹಕಾರದ ಅಧ್ಯಾಯಗಳನ್ನು ರೂಪಿಸಿದ ಸಮಿತಿಗೆ ಅಧ್ಯಕ್ಷರಾದವರು ಅವರು. ಹಸಿವು, ನಿರುದ್ಯೋಗ, ವ್ಯಾಪಾರದ ಕುಸಿತಗಳಿಂದಲೇ ಯುದ್ಧಗಳು ಹುಟ್ಟುತ್ತವೆಂಬ ತಿಳಿವಳಿಕೆ ಆ ಅಧ್ಯಾಯಗಳ ಹಿಂದಿದೆ. ಜೂನ್ 26ರಂದು ಸನ್ನದಿಗೆ ಭಾರತದ ಪರವಾಗಿ ಅಂಕಿತ ಹಾಕಿದ ಇಬ್ಬರಲ್ಲಿ ಅವರೊಬ್ಬರು. ಇನ್ನೊಬ್ಬರು ಸರ್ ವಿ. ಟಿ. ಕೃಷ್ಣಮಾಚಾರಿಗಳು.

ಆದರೆ ಅದೇ ಊರಿನಲ್ಲಿ, ಸಮ್ಮೇಳನದ ಬಾಗಿಲಾಚೆ ನಿಂತು, ಈ ನಿಯೋಗ ಭಾರತದ ಜನರದ್ದಲ್ಲ, ಇದನ್ನು ಆರಿಸಿ ಕಳುಹಿದವರು ಆಳುವ ದೊರೆಗಳು ಎಂದು ಶ್ರೀಮತಿ ವಿಜಯಲಕ್ಷ್ಮಿ ಪಂಡಿತರು ಲೋಕಕ್ಕೆ ಸಾರುತ್ತಿದ್ದರು. ಆ ಮಾತು ನಿಜವಾಗಿತ್ತು. ನಿಯೋಗದ ನಾಯಕರು ಸಮರ್ಥರೆಂಬುದೂ ನಿಜವಾಗಿತ್ತು. ಒಳಗೆ ಮಾತನಾಡಿದವರಿಗೆ ಜನಮತದ ಬಲವಿರಲಿಲ್ಲ. ಜನಮತದ ಬಲವಿದ್ದವರಿಗೆ ಒಳಗೆ ಬರುವ ಹಕ್ಕಿರಲಿಲ್ಲ. ಪರಾಧೀನ ದೇಶದ ಪಾಡು ಇದು.

1946ರ ಜನವರಿಯಲ್ಲಿ ಲಂಡನ್ನಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮೊದಲ ಬಾರಿಗೆ ಕೂಡಿತು. ಹದಿನೆಂಟು ರಾಷ್ಟ್ರಗಳಿಂದ ಕೂಡಿದ ಆರ್ಥಿಕ ಮತ್ತು ಸಾಮಾಜಿಕ ಮಂಡಲಿ ಜನವರಿ 23ರಂದು ಸೇರಿ ಮೊದಲಿಯಾರರನ್ನು ತನ್ನ ಪ್ರಥಮ ಅಧ್ಯಕ್ಷರನ್ನಾಗಿ ಆರಿಸಿತು. ಇನ್ನೂ ಸ್ವತಂತ್ರವಾಗದ ದೇಶವೊಂದರ ಪ್ರತಿನಿಧಿಗೆ ಸ್ವತಂತ್ರ ರಾಷ್ಟ್ರಗಳು ಕೊಟ್ಟ ಆ ಪೀಠ ಸಾಮಾನ್ಯವಾದುದಲ್ಲ. ಫೆಬ್ರವರಿ 18ರಂದು ಆ ಮಂಡಲಿ ಅಮೆರಿಕದ ಸೂಚನೆಯ ಮೇರೆಗೆ ಒಂದು ನಿರ್ಣಯವನ್ನು ಸ್ವೀಕರಿಸಿತು. ವಾಣಿಜ್ಯ ಮತ್ತು ಉದ್ಯೋಗಗಳನ್ನು ಕುರಿತು ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಬೇಕು, ಅದಕ್ಕೆ ಪೂರ್ವಸಿದ್ಧತೆ ಮಾಡುವ ಸಮಿತಿಯೊಂದು ಕೂಡಲೆ ಏರ್ಪಡಬೇಕು ಎಂಬುದು ಅದರ ಸಾರ. ಆ ಸಮಿತಿಯಲ್ಲಿ ಭಾರತಕ್ಕೂ ಸ್ಥಾನ ದೊರೆಯಿತು. ಕೈಗಾರಿಕೆಯ ಮೊದಲ ಮೆಟ್ಟಿಲಲ್ಲಿರುವ ದೇಶಗಳ ವಿಶೇಷ ಸ್ಥಿತಿಯನ್ನು ಸಮಿತಿ ಗಮನದಲ್ಲಿಡಬೇಕೆಂಬ ಒಂದು ವಾಕ್ಯವೂ ಆ ನಿರ್ಣಯದಲ್ಲಿ ಸೇರಿತ್ತು. ಕಣ್ಣಿಗೆ ಸಣ್ಣದಾಗಿ ಕಾಣುವ ವಾಕ್ಯ. ಮುಂದಿನ ಮುಕ್ಕಾಲು ಶತಮಾನದ ವಾಣಿಜ್ಯದ ಜಗಳಗಳೆಲ್ಲ ಬಹುಮಟ್ಟಿಗೆ ಆ ಒಂದು ವಾಕ್ಯದ ಸುತ್ತಲೇ ಸುತ್ತಿವೆ.

ಅದೇ ವರ್ಷದ ಆರಂಭದಲ್ಲಿ ದಕ್ಷಿಣ ಭಾರತದ ಮೇಲೆ ಕ್ಷಾಮದ ನೆರಳು ಬಿದ್ದಿತ್ತು. ಮೈಸೂರು ಸೀಮೆಯೂ ಅದರಿಂದ ಹೊರತಾಗಿರಲಿಲ್ಲ. ಯುದ್ಧಾನಂತರ ಜಗತ್ತಿನ ಧಾನ್ಯವನ್ನು ಹಂಚುತ್ತಿದ್ದುದು ವಾಷಿಂಗ್ಟನ್ನಿನಲ್ಲಿದ್ದ ಸಂಯುಕ್ತ ಆಹಾರ ಮಂಡಲಿ. ಅಮೆರಿಕ, ಬ್ರಿಟನ್, ಕೆನಡಗಳು ಅದರ ಯಜಮಾನರು. ಭಾರತದ ಪಾಲನ್ನು ಕೇಳಲು ಹೋದ ಆಹಾರ ನಿಯೋಗಕ್ಕೂ ಮೊದಲಿಯಾರರೇ ನಾಯಕರು. ಒಂದು ಚಾವಡಿಯಲ್ಲಿ ಅಧ್ಯಕ್ಷಪೀಠದಲ್ಲಿ ಕುಳಿತವರು ಮತ್ತೊಂದು ಚಾವಡಿಯಲ್ಲಿ ಅರ್ಜಿ ಹಿಡಿದು ನಿಂತರು. ಬಡ ದೇಶದ ಪ್ರತಿನಿಧಿಗೆ ಸಿಗುವ ಗೌರವ ಬೇರೆ, ಸಿಗುವ ಅಧಿಕಾರ ಬೇರೆ.

1946ರ ಆಗಸ್ಟ್ ತಿಂಗಳಲ್ಲಿ ಮೊದಲಿಯಾರರು ಮೈಸೂರಿನ ದಿವಾನರಾದರು. ಜಯಚಾಮರಾಜೇಂದ್ರ ಒಡೆಯರು ಸಿಂಹಾಸನದಲ್ಲಿದ್ದರು. ವಿಶ್ವೇಶ್ವರಯ್ಯನವರೂ ಮಿರ್ಜಾ ಇಸ್ಮಾಯಿಲರೂ ಕಟ್ಟಿ ಬೆಳೆಸಿದ್ದ ಕಬ್ಬಿಣ, ಸಾಬೂನು, ಗಂಧದೆಣ್ಣೆ, ರೇಷ್ಮೆಗಳ ಸಂಸ್ಥಾನಕ್ಕೆ ಲೋಕವಾಣಿಜ್ಯವನ್ನು ಬಲ್ಲ ದಿವಾನರು ದೊರೆತರೆಂದು ಸಂತೋಷಪಡಬಹುದಾಗಿತ್ತು. ಆದರೆ ಆ ಹೊತ್ತಿಗೆ ಜನ ಕೇಳುತ್ತಿದ್ದುದು ಒಳ್ಳೆಯ ಆಡಳಿತವನ್ನಲ್ಲ, ತಮ್ಮ ಆಡಳಿತವನ್ನು. ಮೈಸೂರಿನಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು. ದಸರೆಯ ಕಾಲಕ್ಕೆ ರೈತರೂ ವರ್ತಕರೂ ಅಲ್ಲಿ ಸೇರಿ ಕೆರೆ, ರಸ್ತೆ, ಕಂದಾಯಗಳ ಕಷ್ಟ ಹೇಳಿಕೊಳ್ಳುತ್ತಿದ್ದರು; ದಿವಾನರು ಕೇಳಿ ಉತ್ತರ ಕೊಡುತ್ತಿದ್ದರು. ಕಾಲಕ್ರಮದಲ್ಲಿ ಸಭೆಯ ಹಕ್ಕುಗಳು ಬೆಳೆದರೂ ಕೊನೆಯ ಮಾತು ಮಾತ್ರ ಜನರದ್ದಾಗಲಿಲ್ಲ. ಭಾರತದಲ್ಲಿ ಮೊದಲನೆಯದೆಂಬ ಹೆಮ್ಮೆಯ ಆ ಸಭೆಯಲ್ಲಿ ಮಾತನಾಡಬಹುದಿತ್ತು, ನಿರ್ಣಯಿಸಲಾಗುತ್ತಿರಲಿಲ್ಲ.

1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾಯಿತು. ಮೈಸೂರು ಭಾರತ ಒಕ್ಕೂಟವನ್ನು ಸೇರಿತ್ತು. ಆದರೆ ಸಂಸ್ಥಾನದೊಳಗೆ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. ಸೆಪ್ಟೆಂಬರ್ 1ರಂದು ಕೆ. ಸಿ. ರೆಡ್ಡಿಯವರ ನಾಯಕತ್ವದಲ್ಲಿ ಮೈಸೂರು ಕಾಂಗ್ರೆಸ್ಸು ಸತ್ಯಾಗ್ರಹ ಹೂಡಿತು. ಅದೇ ಮೈಸೂರು ಚಲೋ. ತುಮಕೂರು ಜಿಲ್ಲೆಯೂ ಸೇರಿ ಸಂಸ್ಥಾನದುದ್ದಕ್ಕೂ ವಿದ್ಯಾರ್ಥಿಗಳು ಶಾಲೆ ಬಿಟ್ಟು ಬೀದಿಗಿಳಿದರು, ಸೆರೆಮನೆಗಳು ತುಂಬಿದವು. ದಿವಾನರ ಮನೆತನದ ಹೆಸರಾದ ಆರ್ಕಾಟಿಗೆ ಬಾಯ್ಕಾಟನ್ನು ಪ್ರಾಸವಾಗಿ ಕಟ್ಟಿದ ಘೋಷಣೆ ಊರೂರಿನ ಹುಡುಗರ ಬಾಯಲ್ಲಿ ಹಬ್ಬಿತು. ಒಂದು ಕಾಲಕ್ಕೆ ಗುಬ್ಬಿಯ ಅಡಕೆ ಹೋಗಿ ಸೇರುತ್ತಿದ್ದ ಸೀಮೆಯ ಹೆಸರು ಹೀಗೆ ಬಹಿಷ್ಕಾರದ ಕೂಗಾಗಿ ತಿರುಗಿಬಂದಿತು. ಆ ಸೆಪ್ಟೆಂಬರಿನಲ್ಲಿ ಮೈಸೂರು ನಗರದಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿಯ ಹೆಸರು ರಾಮಸ್ವಾಮಿ. ಆ ಹೆಸರಿನ ವೃತ್ತ ಇಂದಿಗೂ ಮೈಸೂರಿನಲ್ಲಿದೆ. ದಿವಾನರ ಹೆಸರೂ ರಾಮಸ್ವಾಮಿಯೇ. ನಾಡು ತನ್ನ ಬೀದಿಯಲ್ಲಿ ಯಾವ ರಾಮಸ್ವಾಮಿಯನ್ನು ನೆನಪಿಟ್ಟುಕೊಂಡಿತು ಎಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಇದನ್ನು ಬರಿಯ ಖಳನ ಕಥೆಯಾಗಿ ಹೇಳಿ ಮುಗಿಸುವುದು ಸುಲಭ; ಆದರೆ ಅದು ನ್ಯಾಯವಾಗದು. ತರುಣನಾಗಿ ತನ್ನ ಸಮುದಾಯಕ್ಕೆ ಪ್ರಾತಿನಿಧ್ಯ ಕೇಳಿದವರು, ನಡುವಯಸ್ಸು ದಾಟಿದ ಮೇಲೆ ಬಡ ರಾಷ್ಟ್ರಗಳ ಕಷ್ಟಕ್ಕೆ ಲೋಕದ ಸಭೆಯಲ್ಲಿ ಸ್ಥಳ ದೊರಕಿಸಲು ದುಡಿದವರು, ಮೈಸೂರಿನ ರೈತನೂ ವಿದ್ಯಾರ್ಥಿಯೂ ಅದೇ ಪ್ರಾತಿನಿಧ್ಯವನ್ನು ತಮ್ಮ ಬಾಗಿಲಿಗೆ ಬಂದು ಕೇಳಿದಾಗ ಪೊಲೀಸರ ಸಾಲಿನ ಹಿಂದೆ ನಿಂತರು. ಸಮರ್ಥ ಆಡಳಿತಗಾರನ ಮನಸ್ಸು ಬದಲಾವಣೆ ಮೇಲಿನಿಂದ ಕ್ರಮವಾಗಿ ಇಳಿದು ಬರಬೇಕೆಂದು ನೆಚ್ಚುತ್ತದೆ. ಬೀದಿಯಿಂದ ಏರಿ ಬರುವ ಹಕ್ಕು ಅದಕ್ಕೆ ಅವ್ಯವಸ್ಥೆಯಾಗಿ ಕಾಣುತ್ತದೆ. ಅಕ್ಟೋಬರಿನಲ್ಲಿ ಒಪ್ಪಂದವಾಗಿ, ಆ ತಿಂಗಳ ಕೊನೆಯ ವಾರದಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ಹೆಚ್ಚುಕಡಿಮೆ ಅದೇ ದಿನಗಳಲ್ಲಿ, ಅಕ್ಟೋಬರ್ 30ರಂದು, ಜಿನೀವದಲ್ಲಿ ಭಾರತವೂ ಸೇರಿ ಇಪ್ಪತ್ತಮೂರು ದೇಶಗಳು ಸುಂಕ ಮತ್ತು ವಾಣಿಜ್ಯದ ಸಾಮಾನ್ಯ ಒಪ್ಪಂದಕ್ಕೆ ಅಂಕಿತ ಹಾಕಿದವು. ಮೊದಲಿಯಾರರ ಬಾಳಿನ ಎರಡು ಎಳೆಗಳು ಒಂದೇ ತಿಂಗಳಲ್ಲಿ ಗಂಟಾದವು. ಒಂದು ಕಡೆ ಅವರ ಪೀಠದ ಮುಂದೆ ಮೊದಲಾದ ಕಾರ್ಯ ಫಲಕ್ಕೆ ಬಂದಿತು. ಇನ್ನೊಂದು ಕಡೆ ಅವರು ಕುಳಿತಿದ್ದ ಪೀಠವೇ ಜನರ ಕೈಗೆ ಹೋಯಿತು. 1949ರಲ್ಲಿ ಅವರು ಹೊರಟುಹೋದ ಮೇಲೆ ಮೈಸೂರಿಗೆ ಮತ್ತೆ ದಿವಾನರಿಲ್ಲ.

ಜಿನೀವದ ಒಪ್ಪಂದವಾದರೂ ಪೂರ್ಣಫಲವಲ್ಲ. ಅದು ತಾತ್ಕಾಲಿಕ ಚಪ್ಪರ. ಮನೆ ಕಟ್ಟಬೇಕೆಂದಿದ್ದುದು ಹವಾನದಲ್ಲಿ. 1948ರ ಮಾರ್ಚ್ 24ರಂದು ಅಲ್ಲಿ ಐವತ್ತಮೂರು ದೇಶಗಳು ಒಪ್ಪಿದ ಸನ್ನದು ಅಂತರರಾಷ್ಟ್ರೀಯ ವಾಣಿಜ್ಯ ಸಂಸ್ಥೆಯೊಂದನ್ನು ಕಲ್ಪಿಸಿತ್ತು. ಸುಂಕಗಳ ಇಳಿಕೆಯೊಂದೇ ಅದರ ವಿಷಯವಾಗಿರಲಿಲ್ಲ. ಉದ್ಯೋಗ, ಹಿಂದುಳಿದ ದೇಶಗಳ ಅಭಿವೃದ್ಧಿ, ದೊಡ್ಡ ವ್ಯಾಪಾರಕೂಟಗಳ ಏಕಸ್ವಾಮ್ಯದ ನಿಯಂತ್ರಣ, ಬೆಳೆಗಳ ಬೆಲೆ ಪಾತಾಳಕ್ಕಿಳಿಯದಂತೆ ದೇಶಗಳು ಮಾಡಿಕೊಳ್ಳಬಹುದಾದ ಒಡಂಬಡಿಕೆಗಳು, ಇವೆಲ್ಲಕ್ಕೂ ಅಲ್ಲಿ ಅಧ್ಯಾಯಗಳಿದ್ದವು. ವಿಶ್ವಬ್ಯಾಂಕು, ಹಣನಿಧಿಗಳಲ್ಲಿ ಬಂಡವಾಳ ಹೆಚ್ಚಾದಷ್ಟೂ ಮತ ಹೆಚ್ಚು. ಹವಾನ ಸನ್ನದಿನಲ್ಲಿ ದೇಶ ದೊಡ್ಡದಿರಲಿ ಚಿಕ್ಕದಿರಲಿ ಒಂದೇ ಮತ. ಆ ಸನ್ನದು ಬಾಳಲಿಲ್ಲ. ಮೊದಲು ಸೂಚಿಸಿದ ಅಮೆರಿಕದ ಕಾಂಗ್ರೆಸ್ಸೇ ಅದಕ್ಕೆ ಸಮ್ಮತಿ ಕೊಡಲಿಲ್ಲ. 1950ರ ಡಿಸೆಂಬರಿನಲ್ಲಿ ಅಲ್ಲಿಯ ಸರ್ಕಾರ ಅದರ ಆಸೆಯನ್ನು ಕೈಬಿಟ್ಟಿತು. ಚಪ್ಪರವೇ ಮನೆಯಾಗಿ ನಲವತ್ತೇಳು ವರ್ಷ ನಿಂತಿತು.

ಮೊದಲಿಯಾರರ ಮುಂದಿನ ಬದುಕು ಈ ಅರೆಕಟ್ಟಿನ ಜಗತ್ತಿನಲ್ಲಿ ಭಾರತಕ್ಕೆ ದಾರಿ ಹುಡುಕುವ ಬದುಕಾಯಿತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಪ್ರಶ್ನೆ ಭದ್ರತಾ ಮಂಡಲಿಗೆ ಹೋದಾಗ ಪ್ಯಾರಿಸ್ಸಿನಲ್ಲಿ ಭಾರತದ ಪಕ್ಷವನ್ನು ಮಂಡಿಸಿದವರು ಅವರೇ. ಈ ಬಾರಿ ಅವರು ಮಾತನಾಡಿದ್ದು ಜನರಿಂದ ಬಂದ ಸರ್ಕಾರದ ಪರವಾಗಿ. 1955ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕೈಗಾರಿಕಾ ಸಾಲ ಮತ್ತು ಬಂಡವಾಳದ ನಿಗಮ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾದರು. ವಿದೇಶಿ ವಿನಿಮಯದ ಬರಗಾಲದಲ್ಲಿ ಭಾರತ ಸರ್ಕಾರ ನೇಮಿಸಿದ ಆಮದು ರಫ್ತು ನೀತಿಯ ಸಮಿತಿಗೂ ಅವರೇ ಅಧ್ಯಕ್ಷರು. ಬೇಲಿಯ ಹಿಂದೆ ಕುಳಿತರೆ ಸಾಲದು, ರಫ್ತನ್ನು ಬೆಳೆಸಬೇಕೆಂಬುದು 1962ರ ಆ ವರದಿಯ ಒಟ್ಟಾರೆಯ ದಿಕ್ಕು. 1954ರಲ್ಲಿ ಪದ್ಮಭೂಷಣವೂ 1970ರಲ್ಲಿ ಪದ್ಮವಿಭೂಷಣವೂ ಅವರಿಗೆ ಸಂದವು. 1976ರ ಜುಲೈ 17ರಂದು, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಅವರು ಕಾಣದೆ ಹೋದ ಉತ್ತರಕಾಂಡವನ್ನು ನಾವು ಕಂಡಿದ್ದೇವೆ. 1991ರ ಕೊನೆಯಲ್ಲಿ ಬಂದ ಡಂಕೆಲ್ ಪ್ರಸ್ತಾವದ ಹೆಸರು ಕರ್ನಾಟಕದ ಹಳ್ಳಿಯ ಜಗಲಿಕಟ್ಟೆಗಳಲ್ಲೂ ಕೇಳಿಬಂದಿತು. ಪ್ರೊಫೆಸರ್ ಎಂ. ಡಿ. ನಂಜುಂಡಸ್ವಾಮಿಯವ‌ರ ರೈತ ಸಂಘ ಗ್ಯಾಟ್ ಎಂಬ ಎರಡಕ್ಷರವನ್ನು ಬಿತ್ತನೆಬೀಜದ ಹಕ್ಕಿನ ಪ್ರಶ್ನೆಯಾಗಿ ರೈತನಿಗೆ ತಿಳಿಸಿತು. 1995ರ ಜನವರಿ 1ರಂದು ವಿಶ್ವ ವಾಣಿಜ್ಯ ಸಂಸ್ಥೆ ಹುಟ್ಟಿತು. ಅಲ್ಲಿಯ ನ್ಯಾಯಪೀಠದಲ್ಲಿ ಅಮೆರಿಕದ ದೂರಿನ ಮೇಲೆ ಭಾರತ 1999ರಲ್ಲಿ ಸೋತು, ಕೊನೆಯ 715 ಬಗೆಯ ಸರಕುಗಳ ಮೇಲಿದ್ದ ಆಮದಿನ ಪರಿಮಾಣದ ಕಟ್ಟುಗಳನ್ನು 2001ರ ಏಪ್ರಿಲ್ 1ರಂದು ಸಡಿಲಿಸಬೇಕಾಯಿತು. 1998ರಲ್ಲಿ ಅಂಕಿತವಾಗಿ 2000ದಲ್ಲಿ ಜಾರಿಗೆ ಬಂದ ಶ್ರೀಲಂಕಾ ಒಪ್ಪಂದದ ಬಾಗಿಲಿನಿಂದ ಅಡಕೆ ಬರುತ್ತದೆಂಬ ಆತಂಕ ಗುಬ್ಬಿಯ ತೋಟಗಳ ವರೆಗೆ ಮುಟ್ಟಿತು. ಆಮದಾಗುವ ಅಡಕೆಗೆ ಸರ್ಕಾರ ಕಿಲೋಗೆ ಕನಿಷ್ಠ ಬೆಲೆಯನ್ನು 2017ರಲ್ಲಿ 251 ರೂಪಾಯಿಗೂ 2023ರಲ್ಲಿ 351 ರೂಪಾಯಿಗೂ ಏರಿಸಿದ್ದು ಆ ಆತಂಕಕ್ಕೆ ಕೊಟ್ಟ ಉತ್ತರ. ಮಲೆನಾಡಿನಿಂದ ವಾಲಾಜಾಪೇಟೆಗೆ ಹೋಗುತ್ತಿದ್ದ ಅಡಕೆಯ ಭಾಗ್ಯ ಇಂದು ಕೊಲಂಬೋ, ದೆಹಲಿ, ಜಿನೀವಗಳ ನಡುವೆ ತೂಗುತ್ತಿದೆ.

ಈಗ ಆ ಸಂಸ್ಥೆಯಲ್ಲಿ 166 ಸದಸ್ಯರಿದ್ದಾರೆ. ಸರ್ವಸಮ್ಮತಿಯಿಂದ ನಿರ್ಣಯವಾಗಬೇಕೆಂಬುದು ಅಲ್ಲಿಯ ರೂಢಿ. ಚಿಕ್ಕವನಿಗೂ ಬೇಡವೆನ್ನುವ ಹಕ್ಕು ಅದರಿಂದ ಬಂದಿದೆ. ಆದರೆ ದೊಡ್ಡವನು ಮುನಿದರೆ ಎಲ್ಲವೂ ನಿಲ್ಲುತ್ತದೆ. ಮೇಲ್ಮನವಿಯ ಪೀಠಕ್ಕೆ ಸದಸ್ಯರನ್ನು ನೇಮಿಸಲು ಅಮೆರಿಕ ಒಪ್ಪದ ಕಾರಣ 2019ರ ಡಿಸೆಂಬರಿನಿಂದ ಆ ಪೀಠ ಹೊಸ ಮೇಲ್ಮನವಿಗಳನ್ನು ಆಲಿಸಲಾರದೆ ಬರಿದಾಗಿದೆ. ಕೆಳಗಿನ ತೀರ್ಪಿನಲ್ಲಿ ಸೋತವನು ಆ ಬರಿದಾದ ಪೀಠಕ್ಕೆ ಮನವಿ ಹಾಕಿ ಕೈ ತೊಳೆದುಕೊಳ್ಳಬಹುದು. ಅಂದರೆ, ಗುಬ್ಬಿಯ ಸಂತೆಯ ಮೂರನೆಯ ಪ್ರಶ್ನೆಗೆ ಲೋಕದ ಸಂತೆಯಲ್ಲಿ ಈಗ ಉತ್ತರವಿಲ್ಲ. ಇಂಥ ಸಂಸ್ಥೆ ನಮಗೇಕೆ, ಇದನ್ನು ಮುರಿದುಬಿಡೋಣ ಎನ್ನುವವರು ಎರಡು ಕಡೆಯೂ ಇದ್ದಾರೆ: ಇದು ತನ್ನ ಕೈ ಕಟ್ಟುತ್ತದೆನ್ನುವ ಬಲ್ಲಿದ, ಇದು ತನ್ನ ಮಾತು ಕೇಳಲಿಲ್ಲವೆನ್ನುವ ಬಡವ. ಬಡವ ಯೋಚಿಸಬೇಕಾದ ಮಾತೊಂದುಂಟು. ಕಟ್ಟಳೆ ಇಲ್ಲದ ಸಂತೆಯಲ್ಲಿ ಬಲ್ಲಿದನಿಗೆ ನಷ್ಟವಿಲ್ಲ. ಕಡಲಿಲ್ಲದ ಮೈಸೂರಿನ ರೇಷ್ಮೆ ಬೆಳೆಗಾರ ದೆಹಲಿಯ ಬಾಗಿಲಲ್ಲಿ ಕಾದ ಕಾಲವನ್ನು ನೆನೆದರೆ ಇದು ತಿಳಿಯುತ್ತದೆ.

ಮೊದಲಿಯಾರರ ಬಾಳು ನಮಗೆ ಕೊಡುವ ಪಾಠಕ್ಕೆ ಎರಡು ಮುಖ. ಲೋಕದ ಚಾವಡಿಯಲ್ಲಿ ದುರ್ಬಲನಿಗೂ ಆಸನ ಬೇಕು, ಅವನ ಸ್ಥಿತಿಯನ್ನು ಕಟ್ಟಳೆಯೊಳಗೇ ಬರೆಯಬೇಕು ಎಂಬುದು ಅವರ ಪೀಠದಿಂದ ಹೊರಟ ನಿರ್ಣಯ ಕಲಿಸಿದ ಪಾಠ. ಆ ಆಸನದಲ್ಲಿ ಕುಳಿತವನು ತನ್ನ ಊರಿನವರಿಗೆ ಉತ್ತರ ಹೇಳಬೇಕಾದವನಾಗಿರಬೇಕು ಎಂಬುದು 1947ರ ಬೀದಿ ಅವರಿಗೇ ಕಲಿಸಿದ ಪಾಠ. ಮೊದಲನೆಯದನ್ನು ಮಾತ್ರ ಹಿಡಿದರೆ ಜಿನೀವದಲ್ಲಿ ನಮ್ಮ ಹೆಸರಿನಲ್ಲಿ ಆಗುವ ಒಪ್ಪಂದ ನಮಗೆ ಗೊತ್ತಾಗುವುದು ಮಂಡಿಯ ಧಾರಣೆ ಬಿದ್ದ ಮೇಲೆ. ಎರಡನೆಯದನ್ನು ಮಾತ್ರ ಹಿಡಿದರೆ ಊರಿನಲ್ಲಿ ನಮ್ಮ ಕೂಗು ಎಷ್ಟು ಜೋರಾಗಿದ್ದರೂ ಬೆಲೆ ಕಟ್ಟುವ ಚಾವಡಿಗೆ ಅದು ಕೇಳಿಸದು. ಮುಂದಿನ ದಿನಗಳ ಅಂತರರಾಷ್ಟ್ರೀಯ ಸಂಸ್ಥೆಗಳು ಉಳಿಯಬೇಕಾದರೆ ಈ ಎರಡು ಪಾಠಗಳೂ ಕೂಡಿ ನಡೆಯಬೇಕು. ಒಪ್ಪಂದಕ್ಕೆ ಅಂಕಿತ ಹಾಕುವ ಮೊದಲು ಅದರ ಕರಡು ವಿಧಾನಸಭೆಗಳಲ್ಲಿ, ಬೆಳೆಗಾರರ ಸಂಘಗಳಲ್ಲಿ, ನಮ್ಮ ನುಡಿಯಲ್ಲಿ ಚರ್ಚೆಯಾಗುವುದು ಅದರ ಮೊದಲ ಹೆಜ್ಜೆ.

ಗುಬ್ಬಿಯ ಪೇಟೆಯಲ್ಲಿ ಅಡಕೆ ಇಂದಿಗೂ ತೂಗುತ್ತಾರೆ. ತೂಕದ ಕಲ್ಲಿನ ಜಾಗದಲ್ಲಿ ವಿದ್ಯುತ್ತಿನ ತಕ್ಕಡಿ ಬಂದಿದೆ. ಮೂಟೆ ಇಳಿಸಿದ ರೈತ ಮೊದಲು ಕೇಳುವುದು ಇವತ್ತಿನ ಧಾರಣೆ ಎಷ್ಟೆಂದು. ಆ ಧಾರಣೆಯನ್ನು ಎಲ್ಲಿ, ಯಾರು, ಯಾರ ಹೆಸರಿನಲ್ಲಿ ನಿರ್ಣಯಿಸಿದರು ಎಂದು ಕೇಳುವ ಹಕ್ಕೂ ಅವನದೇ. ಅದನ್ನು ಅವನು ಕೇಳಲು ಕಲಿತ ದಿನ, ಲಂಡನ್ನಿನ ಆ ಚಾವಡಿಯಲ್ಲಿ 1946ರಲ್ಲಿ ಮೊದಲಾಗಿ ನಡುದಾರಿಯಲ್ಲಿ ನಿಂತ ಕೆಲಸ ಮತ್ತೆ ಮುಂದೆ ಸಾಗುತ್ತದೆ.